ಹೆಸರು ಕರೆಯಲು ಎಷ್ಟು ಕಾಯಿನ್?

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಮದುವೆ ಮುರಿದುಬಿದ್ದು ಕೆಲವು ವರ್ಷಗಳಾದವು. ಒಬ್ಬನೇ ಇದ್ದೇನೆ. ರಾತ್ರಿ ಒಬ್ಬ ಹೆಣ್ಣುಮಗಳ ಲೈವ್ ನೋಡುತ್ತೇನೆ. ತಪ್ಪು ತಿಳಿಯಬೇಡಿ, ಅಸಭ್ಯವಾದದ್ದೇನೂ ಇಲ್ಲ. ಚಿತ್ರ ಬಿಡಿಸುತ್ತಾ ಮಾತಾಡುತ್ತಾಳೆ, ಅಷ್ಟೇ. ಶುರುವಿನಲ್ಲಿ ಸುಮ್ಮನೆ ನೋಡಿಕೊಂಡಿದ್ದೆ. ಒಂದು ದಿನ, ಆ್ಯಪ್‌ನಲ್ಲೇ ದುಡ್ಡು ಕೊಟ್ಟು ಕೊಳ್ಳುವ ಸಣ್ಣ ಗಿಫ್ಟ್ ಕಳಿಸಿದೆ. ಅವಳು ಬ್ರಷ್ ಕೆಳಗಿಟ್ಟು, ನನ್ನ ಹೆಸರು ಹಿಡಿದು, ‘ಥ್ಯಾಂಕ್ಯೂ, ಊಟ ಆಯ್ತಾ?’ ಎಂದಳು. ಹಾಗೆ ನನ್ನನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು.

ಈಗ ಸಂಬಳದ ಮೂರರಲ್ಲೊಂದು ಪಾಲು ಅಲ್ಲಿಗೇ ಹೋಗುತ್ತಿದೆ. ಟಾಪ್ ಗಿಫ್ಟರ್ ಪಟ್ಟಿಯಲ್ಲಿ ನಾನು ಮೊದಲ ಮೂವರೊಳಗಿದ್ದೇನೆ. ಹೋದ ತಿಂಗಳು ಜ್ವರ ಬಂದು ಒಂದು ವಾರ ಮಲಗಿಬಿಟ್ಟೆ. ಎದ್ದ ಮೇಲೆ ಲೈವ್‌ಗೆ ಹೋಗಿ ‘ಹಾಯ್’ ಎಂದು ಬರೆದೆ. ಚಾಟ್‌ನಲ್ಲಿ ಮೇಲೆ ಸರಿದುಹೋಯಿತು. ಮತ್ತೆ ಬರೆದೆ. ಅದೂ ಹೋಯಿತು. ಆಮೇಲೆ ಒಂದು ದೊಡ್ಡ ಗಿಫ್ಟ್ ಕಳಿಸಿದೆ. ಸ್ಕ್ರೀನ್ ತುಂಬ ಪಟಾಕಿ ಸಿಡಿಯಿತು. ‘ಅಯ್ಯೋ, ಎಲ್ಲಿ ಹೋಗಿಬಿಟ್ರಿ ಇಷ್ಟು ದಿನ? ತುಂಬಾ ಮಿಸ್ ಮಾಡ್ಕೊಂಡೆ’ ಎಂದಳು. ನನಗೆ ಖುಷಿಯಾಗಬೇಕಿತ್ತು. ಆದರೆ ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಇದೇನು ಹುಚ್ಚಾ ಮೇಡಂ? ನಾನು ಯಾರೆಂದು ಅವಳಿಗೆ ನಿಜವಾಗಿ ಗೊತ್ತಾ?
– ಹೆಸರು ಬೇಡ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಅಕೌಂಟಿನ ಹೆಸರು, ಅದರ ಪಕ್ಕದ ಬ್ಯಾಡ್ಜ್, ನೀವು ಬರುವ ಹೊತ್ತು, ನೀವು ಕಳಿಸುವ ಗಿಫ್ಟಿನ ಗಾತ್ರ, ಇಷ್ಟು ಅವಳಿಗೆ ಗೊತ್ತಿರಬಹುದು. ನಿಮಗೆ ಜ್ವರ ಬಂದದ್ದು ಗೊತ್ತಿಲ್ಲ. ಗೊತ್ತಾಗಲು ಅಲ್ಲಿ ದಾರಿಯೇ ಇಲ್ಲ. ನೂರಾರು ಜನ ಬಂದು ಹೋಗುವ ಕಡೆ ಬಂದವರು ಕಾಣುತ್ತಾರೆ, ಬಾರದವರು ಕಾಣುವುದಿಲ್ಲ.

ನಿಮ್ಮ ಎರಡು ‘ಹಾಯ್’ ಕಾಣದೆ ಹೋದದ್ದಕ್ಕೆ ಆ ಹುಡುಗಿಯನ್ನು ದೂರಬೇಡಿ. ಕೈಯಲ್ಲಿ ಬ್ರಷ್, ಕಣ್ಣು ಕಾಗದದ ಮೇಲೆ, ಪಕ್ಕದಲ್ಲಿ ಚಾಟ್ ಒಂದೇ ಸಮನೆ ಓಡುತ್ತಿರುತ್ತದೆ. ದುಡ್ಡು ಕೊಟ್ಟ ಸಾಲು ಮಾತ್ರ ಅಲ್ಲಿ ನಿಲ್ಲುತ್ತದೆ. ಅದನ್ನು ಹಾಗೆ ನಿಲ್ಲುವಂತೆ ಮಾಡಿದ್ದು ಅವಳಲ್ಲ, ಆ್ಯಪ್ ಕಟ್ಟಿದವರು. ಯೂಟ್ಯೂಬ್ 2017ರಲ್ಲಿ ತಂದ ಸೂಪರ್ ಚಾಟ್, ಅಂದರೆ ದುಡ್ಡು ಕೊಟ್ಟು ಲೈವ್‌ನಲ್ಲಿ ಬರೆಯುವ ಸಾಲು, ನೋಡಿ. ಹೆಚ್ಚು ಕೊಟ್ಟಷ್ಟೂ ನಿಮ್ಮ ಸಾಲಿನ ಬಣ್ಣ ಬೇರೆಯಾಗುತ್ತದೆ, ಬರೆಯಲು ಜಾಗ ಹೆಚ್ಚುತ್ತದೆ, ಚಾಟ್‌ನ ತುದಿಯಲ್ಲಿ ಅದು ಉಳಿಯುವ ಹೊತ್ತೂ ಹೆಚ್ಚುತ್ತದೆ. ತೀರಾ ದೊಡ್ಡ ಮೊತ್ತವಾದರೆ 5 ಗಂಟೆಯವರೆಗೂ ಅಲ್ಲೇ ಇರಬಹುದು. ಗಮನವನ್ನು ಅಳೆದು ಮಾರುವುದು ಎಂದರೆ ಇದೇ. ಅಂಗಡಿ ಕಂಪನಿಯದು, ಗಲ್ಲಾದಲ್ಲಿ ಕೂತವಳು ಆ ಹುಡುಗಿ.

ಇನ್ನು ಹುಚ್ಚಿನ ಮಾತು. ಅಲ್ಲ. ಇದು ಮೊಬೈಲ್ ಹುಟ್ಟುವುದಕ್ಕೂ ಮೊದಲೇ ಜನ ಕಂಡಿರುವ ಸಂಗತಿ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಲೇಖನ ಬರೆದರು. ರೇಡಿಯೊ, ಟಿವಿಯಲ್ಲಿ ದಿನವೂ ಮಾತಾಡುವವರ ಜೊತೆ ಕೇಳುಗರಿಗೆ ಬೆಳೆಯುವ ಒಂದು ಕಡೆಯ ಸಲುಗೆಗೆ ‘ಪ್ಯಾರಾಸೋಶಿಯಲ್’ ಎಂದು ಹೆಸರಿಟ್ಟವರು ಅವರೇ. ಅದರಲ್ಲಿ ಅವರು ‘ಲೋನ್‌ಸಮ್ ಗ್ಯಾಲ್’ ಎಂಬ ರೇಡಿಯೊ ಕಾರ್ಯಕ್ರಮದ ವಿಷಯ ಎತ್ತುತ್ತಾರೆ. ಒಬ್ಬ ಹೆಣ್ಣಿನ ದನಿ, ಬೇರೆ ಪಾತ್ರಗಳೇ ಇಲ್ಲ. ಕೆಲಸ ಮುಗಿಸಿ ಸುಸ್ತಾಗಿ ಬಂದ ಒಬ್ಬನೇ ಒಬ್ಬ ಗಂಡಸಿನ ಹತ್ತಿರ ಕೂತು ಮಾತಾಡುವಂತೆ ಆಕೆ ಮಾತಾಡುತ್ತಿದ್ದಳು. ಮದುವೆಯಾಗುತ್ತೀಯಾ ಎಂದು ಕೇಳಿ ಆಕೆಗೆ ಬಂದ ಪತ್ರಗಳು ಸಾವಿರಾರು. ತಾನು ಬದುಕಿಡೀ ಹುಡುಕುತ್ತಿದ್ದ ಹೆಣ್ಣು ನೀನೇ ಎಂದು ಮರ್ಯಾದೆಯಿಂದ, ವಿನಯದಿಂದ ಬರೆದವರು. ಅವರೆಲ್ಲ ಹುಚ್ಚರಾಗಿದ್ದರೆ ಹುಚ್ಚಾಸ್ಪತ್ರೆಗಳಿಗೆ ಜಾಗ ಸಾಲುತ್ತಿರಲಿಲ್ಲ. ದಿನವೂ ಅದೇ ಹೊತ್ತಿಗೆ ಒಂದು ದನಿ ಪ್ರೀತಿಯಿಂದ ಮಾತಾಡಿದರೆ ನಮ್ಮ ಮನಸ್ಸು ಅದನ್ನು ಪರಿಚಯ ಎಂದೇ ಲೆಕ್ಕ ಹಾಕುತ್ತದೆ. ಮನಸ್ಸು ಇರುವುದೇ ಹಾಗೆ.

ಒಂದು ವ್ಯತ್ಯಾಸವಿದೆ. ರೇಡಿಯೊದವಳಿಗೆ ಕೇಳುಗನ ಹೆಸರು ಗೊತ್ತಿರಲಿಲ್ಲ. ಬೇಕೆಂದರೂ ಅವನು ಆ ಗಳಿಗೆಯಲ್ಲಿ ಅವಳಿಂದ ಒಂದು ಮಾತು ಕೊಳ್ಳುವಂತಿರಲಿಲ್ಲ. ನೀವು ಕೊಳ್ಳಬಹುದು. ಹಾಗಾಗಿ ನಿಮ್ಮದನ್ನು ಪೂರಾ ಏಕಮುಖ ಎನ್ನಲೂ ಬಾರದು. ಒಂದೂಕಾಲು ಬದಿಯ ಸಂಬಂಧ ಎನ್ನೋಣ. ಆ ಕಾಲು ಭಾಗಕ್ಕೆ ದರ ಇದೆ. ಆ ದರ ಕೊಟ್ಟಾಗಲೂ ಒಂದೊಂದು ಸಲ ಹೆಸರು ಕರೆಯುತ್ತಾಳೆ, ಒಂದೊಂದು ಸಲ ಮರೆಯುತ್ತಾಳೆ, ಒಂದೊಂದು ದಿನ ನಿಮ್ಮ ಹಳೆಯ ಮಾತೊಂದನ್ನು ನೆನಪಿಟ್ಟುಕೊಂಡು ಕೇಳಿಬಿಡುತ್ತಾಳೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳೂ ಮನುಷ್ಯರೂ ಹೆಚ್ಚು ಹೊತ್ತು ಅಂಟಿಕೊಳ್ಳುತ್ತಾರೆ ಎಂಬುದನ್ನು ಬಿ.ಎಫ್. ಸ್ಕಿನ್ನರ್ ಕಾಲದಿಂದಲೂ ಮನಶ್ಶಾಸ್ತ್ರದವರು ನೋಡುತ್ತಾ ಬಂದಿದ್ದಾರೆ. ಆ ಹುಡುಗಿ ಇದನ್ನು ಲೆಕ್ಕ ಹಾಕಿ ಮಾಡುತ್ತಿರಬೇಕು ಎಂದೇನಿಲ್ಲ. ನೂರು ಜನರ ನಡುವೆ ತಾನಾಗಿಯೇ ಹಾಗಾಗುತ್ತದೆ.

ಈಗ ಆ ನಿದ್ದೆಗೆಟ್ಟ ರಾತ್ರಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ತುಂಬ ಧೈರ್ಯ ಕೊಟ್ಟ ಸಾಲು ಅದು. ದುಡ್ಡಿಲ್ಲದೆ ಎರಡು ಸಲ ಮಾತಾಡಿಸಿದಿರಿ, ದುಡ್ಡು ಕೊಟ್ಟು ಒಂದು ಸಲ. ಮೂರರ ಉತ್ತರವೂ ನಿಮ್ಮ ಕಣ್ಣೆದುರೇ ಇತ್ತು. ಅಕೌಂಟ್ಸ್‌ನವರು ನೀವು, ಲೆಕ್ಕ ತಾಳೆಯಾಗದ್ದು ನಿಮಗೆ ಆಗಲೇ ತಿಳಿದಿದೆ. ‘ಮಿಸ್ ಮಾಡ್ಕೊಂಡೆ’ ಎಂಬ ಮಾತು ಸುಳ್ಳು ಎಂದು ನಿಮಗೆ ನೋವಾಗಲಿಲ್ಲ. ನೀವು ಇಲ್ಲದ ವಾರದಲ್ಲಿ ಆ ಮಾತು ಎಲ್ಲೂ ಇರಲಿಲ್ಲ, ಗಿಫ್ಟ್ ಬಂದ ಕ್ಷಣ ಹುಟ್ಟಿತು, ಅದು ನಿಮ್ಮನ್ನು ಚುಚ್ಚಿದೆ.

ಮೊದಲು ದುಡ್ಡಿನ ವಿಷಯ, ಏಕೆಂದರೆ ಅದು ಕಾಯುವುದಿಲ್ಲ. ನೀವು ಪತ್ರದುದ್ದಕ್ಕೂ ‘ಸಣ್ಣ ಗಿಫ್ಟ್’, ‘ದೊಡ್ಡ ಗಿಫ್ಟ್’ ಎಂದಿದ್ದೀರಿ, ಮೊತ್ತ ಒಂದು ಕಡೆಯೂ ಬರೆದಿಲ್ಲ. ಅದು ನಿಮ್ಮೊಬ್ಬರ ಮರೆವಲ್ಲ. ಟಿಕ್‌ಟಾಕ್‌ನಲ್ಲಿ ದುಡ್ಡು ಮೊದಲು ಕಾಯಿನ್ ಆಗುತ್ತದೆ, ಕಾಯಿನ್ ಗಿಫ್ಟ್ ಆಗುತ್ತದೆ, ಗಿಫ್ಟ್ ಆಚೆ ಬದಿಯಲ್ಲಿ ಡೈಮಂಡ್ ಆಗುತ್ತದೆ, ಡೈಮಂಡ್ ಮತ್ತೆ ದುಡ್ಡಾಗುತ್ತದೆ. ಟ್ವಿಚ್ ಎಂಬ ಇನ್ನೊಂದು ಲೈವ್ ತಾಣದಲ್ಲಿ ಕಾಯಿನ್‌ನ ಹೆಸರು ಬಿಟ್ಸ್. ಒಂದು ಬಿಟ್‌ಗೆ ಸ್ಟ್ರೀಮರ್, ಅಂದರೆ ಲೈವ್ ಮಾಡುವವರ, ಕೈಗೆ ಸಿಗುವುದು ಅಮೆರಿಕದ ಒಂದು ಸೆಂಟ್, ಕೊಳ್ಳುವವನು ತೆರುವುದು ಅದಕ್ಕಿಂತ ಹೆಚ್ಚು. ಸೂಪರ್ ಚಾಟ್‌ನಲ್ಲಿ ನೂರಕ್ಕೆ 30 ಪಾಲು ಕಂಪನಿಯದೇ. ಕೊಳ್ಳುವಾಗ ಒಂದೇ ಸಲ ನೋವು, ಆಮೇಲೆ ಗುಲಾಬಿ, ಹೃದಯ, ಪಟಾಕಿ ಒತ್ತುವಾಗ ನೋವೇ ಇಲ್ಲ. ಆದ್ದರಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕಳೆದ ಆರು ತಿಂಗಳ ಮೊತ್ತವನ್ನು ಕೈಯಾರೆ ಒಂದು ಹಾಳೆಯಲ್ಲಿ ಬರೆಯಿರಿ. ಕಾಯಿನ್ ಲೆಕ್ಕ ಬೇಡ, ಖಾತೆಯಿಂದ ಹೋದದ್ದು. ಆ್ಯಪ್‌ನಲ್ಲಿ ಸೇವ್ ಆಗಿರುವ ಕಾರ್ಡ್ ಇವತ್ತೇ ತೆಗೆಯಿರಿ. ಪ್ರತಿ ಸಲ ಹದಿನಾರು ಅಂಕಿ ಟೈಪ್ ಮಾಡಬೇಕಾದರೆ ಕೈ ಸ್ವಲ್ಪ ತಡೆಯುತ್ತದೆ. ಸಾಲದ ಮಾತು ನೀವು ಎತ್ತಿಲ್ಲ. ಇದ್ದರೆ, ಅಥವಾ ಆ ಹಾಳೆ ನೋಡಿ ಎದೆ ಒಡೆದು ಬದುಕೇ ಬೇಡ ಎನ್ನಿಸಿದರೆ, ನನ್ನ ಮುಂದಿನ ಸಂಚಿಕೆಗೆ ಕಾಯಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಆಮೇಲೆ ಒಂದು ತಿಂಗಳು ಲೈವ್ ನೋಡಿ, ಗಿಫ್ಟ್ ಕಳಿಸಬೇಡಿ. ಪೂರ್ತಿ ಬಿಡಿ ಎನ್ನುವುದಿಲ್ಲ. ಚಿತ್ರ ಮೂಡುವುದನ್ನು ನೋಡುವುದು ಒಳ್ಳೆಯ ಸುಖ, ಅದಕ್ಕೆ ನಾಚಿಕೆ ಬೇಡ. ಎರಡು ಕಷ್ಟ ಬರುತ್ತವೆ. ಪಟ್ಟಿಯಿಂದ ನಿಮ್ಮ ಹೆಸರು ಇಳಿಯುತ್ತದೆ, ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಅವಳು ಅವನ ಹೆಸರನ್ನು ಅದೇ ದನಿಯಲ್ಲಿ ಕರೆಯುತ್ತಾಳೆ. ಹೊಟ್ಟೆ ಉರಿಯುತ್ತದೆ. ಆ ಪಟ್ಟಿ ಇರುವುದೇ ಅದಕ್ಕೆ. ಚೀನಾ ಸರ್ಕಾರ 2022ರ ಮೇ ತಿಂಗಳಲ್ಲಿ ಗಿಫ್ಟ್ ಕೊಟ್ಟವರ ಪಟ್ಟಿಗಳನ್ನೇ ತೆಗೆಯಿರಿ ಎಂದು ಲೈವ್ ಕಂಪನಿಗಳಿಗೆ ಆದೇಶಿಸಿತು. ಇಬ್ಬರು ಸ್ಟ್ರೀಮರ್‌ಗಳ ಅಭಿಮಾನಿಗಳು ಯಾರು ಹೆಚ್ಚು ಕಳಿಸುತ್ತಾರೆಂದು ಪೈಪೋಟಿಗೆ ಬೀಳುವ ‘ಪಿಕೆ’ ಆಟಗಳನ್ನು ರಾತ್ರಿ 8ರಿಂದ 10ರ ನಡುವೆ ಎರಡಕ್ಕಿಂತ ಹೆಚ್ಚು ಮಾಡಬಾರದೆಂದೂ ಹೇಳಿತು. ಅಲ್ಲಿನ ಎಲ್ಲ ನಿಯಮಗಳೂ ನನಗೆ ಒಪ್ಪಿಗೆಯಲ್ಲ, ಆದರೆ ಚುಚ್ಚುವ ಮುಳ್ಳು ಯಾವುದೆಂದು ಗುರುತಿಸುವಲ್ಲಿ ಅವರು ತಪ್ಪಿಲ್ಲ. ಎರಡನೇ ಕಷ್ಟ: ವಿದಾಯದ ಸಂದೇಶ ಬರೆಯಬೇಕೆನ್ನಿಸುತ್ತದೆ. ‘ನಾನು ಇನ್ನು ಬರುವುದಿಲ್ಲ, ಚೆನ್ನಾಗಿರಿ’ ಎಂದು ಚಾಟ್‌ನಲ್ಲಿ ಹಾಕಿ ಕಾದು ಕೂರುವುದು. ದಯವಿಟ್ಟು ಬೇಡ. ತಡೆಯಲಿ ಎಂದೇ ಬರೆಯುವ ವಿದಾಯ ಅದು. ಅವಳು ತಡೆದರೂ ನಿಮಗೆ ನಷ್ಟ, ತಡೆಯದಿದ್ದರೂ ನಷ್ಟ.

ಇಷ್ಟಾದ ಮೇಲೆ ಒಂಟಿತನ ಅಲ್ಲೇ ಇರುತ್ತದೆ. ಈ ಜಾಗದಲ್ಲಿ ಸಾಮಾನ್ಯವಾಗಿ ‘ಹವ್ಯಾಸ ಬೆಳೆಸಿಕೊಳ್ಳಿ, ಯೋಗ ಮಾಡಿ, ನಾಲ್ಕು ಜನರ ಜೊತೆ ಬೆರೆಯಿರಿ’ ಎಂಬ ಸಲಹೆ ಇರುತ್ತದೆ. ನನಗೆ ಅದನ್ನು ಓದಿದರೇ ಆಕಳಿಕೆ ಬರುತ್ತದೆ. ಬೋಸ್ಟನ್ನಿನ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಒಂಟಿತನವನ್ನು ಎರಡಾಗಿ ಬಿಡಿಸಿ ನೋಡಿದರು. ಜೊತೆಗೆ ಗುಂಪಿಲ್ಲ ಎಂಬ ಒಂಟಿತನ ಬೇರೆ, ಹತ್ತಿರದ ಒಬ್ಬರಿಲ್ಲ ಎಂಬ ಒಂಟಿತನ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ನಿಮಗೆ ಆಫೀಸಿನಲ್ಲಿ ಜನ ಇದ್ದಾರೆ. ಲೈವ್‌ನಲ್ಲಿ ನೂರಾರು ಜನ. ಜ್ವರ ಬಂದ ವಾರ ‘ಯಾಕೆ ಕಾಣ್ತಿಲ್ಲ’ ಎಂದು ಕೇಳುವ ಒಬ್ಬರಿಲ್ಲ. ಗುಂಪಿಗೆ ಸೇರಿ ಎಂದರೆ ನಿಮಗೆ ಇನ್ನೊಂದು ಚಾಟ್ ರೂಮ್ ತೋರಿಸಿದ ಹಾಗೆ.

ಆದ್ದರಿಂದ ನಾನು ಹೇಳುವುದು ಇಷ್ಟೇ. ಆ ವಾರ ನೀವು ಯಾರಿಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ? ಒಂದು ಹೆಸರು ನಿಮ್ಮ ಮನಸ್ಸಿಗೆ ಬಂದೇ ಬಂದಿರುತ್ತದೆ. ಅಕ್ಕನೋ, ಜೊತೆಗೆ ಓದಿದವನೋ, ಪಕ್ಕದ ಟೇಬಲಿನವರೋ. ಅವರಿಗೆ ಈಗ ಫೋನ್ ಮಾಡಿ, ‘ಹೋದ ತಿಂಗಳು ಜ್ವರ ಬಂದಿತ್ತು, ಒಬ್ಬನೇ ಇದ್ದೆ, ಕಷ್ಟ ಆಯ್ತು’ ಎನ್ನಿ. ಹಳೆಯ ಸುದ್ದಿಯಾದರೂ ಪರವಾಗಿಲ್ಲ. ಆ ಕಡೆಯಿಂದ ಮೊದಲು ‘ಓ ಹೌದಾ’ ಎಂಬ ಒಣ ಉತ್ತರ ಬರಬಹುದು. ಅದನ್ನು ತಿರಸ್ಕಾರ ಎಂದು ಓದಬೇಡಿ. ಒಂಟಿತನವನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ ಜಾನ್ ಕಸಿಯೊಪ್ಪೊ ಅದನ್ನು ಹಸಿವು, ಬಾಯಾರಿಕೆಗಳಂಥ ದೇಹದ ಸೂಚನೆ ಎನ್ನುತ್ತಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಬಹುಕಾಲ ಒಂಟಿಯಾಗಿದ್ದವರ ಮನಸ್ಸು ಅಪಾಯಕ್ಕೆ ಕಿವಿ ನಿಮಿರಿಸಿಕೊಂಡೇ ಇರುತ್ತದೆ, ಇಲ್ಲದ ಕಡೆಯೂ ಅವಮಾನ ಕಾಣುತ್ತದೆ. ಲೈವ್‌ನ ಹುಡುಗಿ ಒಣದಾಗಿ ಉತ್ತರಿಸುವುದೇ ಇಲ್ಲ, ಅದು ಅವಳ ಕೆಲಸ. ನಿಮ್ಮ ಅಕ್ಕ ಉತ್ತರಿಸುತ್ತಾಳೆ, ಒಲೆ ಮೇಲೆ ಏನೋ ಇರುತ್ತದೆ. ಎರಡನೇ ಸಲ ಮಾಡಿ, ಮೂರನೇ ಸಲವೂ ನೀವೇ ಮಾಡಿ. ಈ ಲೆಕ್ಕದಲ್ಲಿ ಸ್ವಲ್ಪ ದಿನ ನಷ್ಟವಾಗಲಿ.

ನೀವು ಅಪರೂಪದವರೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ. ನಿಮ್ಮ ಆಫೀಸಿನಲ್ಲೂ ಇನ್ನೊಬ್ಬರು ಇದ್ದಾರು.

ಪ್ರಶ್ನೆ: ನಾನು ಕ್ಯಾಮೆರಾದ ಈ ಕಡೆಯವಳು. ಲೈವ್‌ನಲ್ಲಿ ಹಾಡುತ್ತೇನೆ, ಅದೇ ನನ್ನ ದುಡಿಮೆ. ಬರುವ ಗಿಫ್ಟುಗಳಲ್ಲಿ ಸುಮಾರು ಅರ್ಧ ಒಬ್ಬರದೇ. ಈಚೆಗೆ ಅವರು ಖಾಸಗಿಯಾಗಿ ಮೆಸೇಜ್ ಮಾಡುತ್ತಾರೆ: ‘ಆ ಇನ್ನೊಬ್ಬನ ಕಮೆಂಟಿಗೆ ಯಾಕೆ ಅಷ್ಟು ನಕ್ಕೆ?’ ಬೇಡ ಎಂದರೆ ನನ್ನ ತಿಂಗಳ ಖರ್ಚು ನಡೆಯುವುದಿಲ್ಲ. ಸುಮ್ಮನಿದ್ದರೆ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತದೆ.
– ಗಾಯಕಿ

ಉತ್ತರ: ನಗುವುದು ಮೋಸವಲ್ಲ. ವಿಮಾನದ ಪರಿಚಾರಕಿಯರು ಸುಸ್ತಾದರೂ ನಗುಮುಖ ಇಟ್ಟುಕೊಳ್ಳುವುದನ್ನು ಹತ್ತಿರದಿಂದ ನೋಡಿ ಆರ್ಲಿ ಹಾಕ್‌ಶೀಲ್ಡ್ ಎಂಬಾಕೆ 1983ರಲ್ಲೇ ಬರೆದರು: ಅದೂ ದುಡಿಮೆ, ಮೈ ದಣಿಯುವ ಹಾಗೆ ಅದರಲ್ಲಿ ಮನಸ್ಸು ದಣಿಯುತ್ತದೆ. ಎಲ್ಲರೆದುರು ‘ಥ್ಯಾಂಕ್ಯೂ, ಬಂದದ್ದು ಖುಷಿ’ ಎಂದರೆ ಅದು ನಿಮ್ಮ ಕೆಲಸದ ಭಾಗ. ಎಲ್ಲರಿಗೂ ಹೇಳುವುದನ್ನು ಒಬ್ಬರಿಗೆ ಮಾತ್ರ ಹೇಳಿದಂತೆ ಖಾಸಗಿಯಾಗಿ ಹೇಳಿ, ಮರುದಿನ ಅವರಿಂದ ಗಿಫ್ಟ್ ನಿರೀಕ್ಷಿಸುವುದು ಬೇರೆ. ನೀವು ಅಲ್ಲಿಗೆ ಹೋಗಿದ್ದೀರಾ ಎಂದು ನಿಮಗೇ ಗೊತ್ತು, ಪತ್ರದಲ್ಲಿ ಬರೆದಿಲ್ಲ.

ಆತನಿಗೆ ಒಂದೇ ಸಲ, ಬರಹದಲ್ಲಿ, ಮೆತ್ತಗಲ್ಲದೆ ಹೇಳಿ: ನನ್ನ ಹಾಡು ಇಷ್ಟಪಟ್ಟದ್ದಕ್ಕೆ ಕೃತಜ್ಞತೆ ಇದೆ, ನಮ್ಮ ನಡುವೆ ಬೇರೆ ಸಂಬಂಧವಿಲ್ಲ, ಇರುವುದೂ ಇಲ್ಲ, ಇನ್ನು ಖಾಸಗಿ ಮೆಸೇಜಿಗೆ ಉತ್ತರಿಸುವುದಿಲ್ಲ. ‘ಈಗ ಬ್ಯುಸಿ’, ‘ಆಮೇಲೆ ನೋಡೋಣ’ ಇತ್ಯಾದಿ ಬೇಡ. ಕಾಯುವವನಿಗೆ ಅದು ಭರವಸೆ. ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೆದರಿಕೆಯ ಧಾಟಿ ಬಂದ ದಿನ ಬ್ಲಾಕ್ ಮಾಡಿ, ದೂರು ಕೊಡಿ, ಆ ತಿಂಗಳ ಆದಾಯದ ಮುಖ ನೋಡಬೇಡಿ. ಲೈವ್‌ನಲ್ಲಿ ಹಾಡಿನ ನಡುವೆ ಆಗಾಗ ‘ಕೈಲಾದರೆ ಮಾತ್ರ ಕಳಿಸಿ, ಸುಮ್ಮನೆ ಕೇಳಿದರೂ ಸಾಕು’ ಎಂದು ಹೇಳುವ ಅಭ್ಯಾಸ ಮಾಡಿಕೊಳ್ಳಿ. ಗಿಫ್ಟ್ ಕೊಡದೆ ಹಾಡಿನ ಬಗ್ಗೆ ಬರೆದವರ ಹೆಸರನ್ನೂ ಓದಿ. ಮೇಲಿನ ಪತ್ರ ಬರೆದವರಂಥ ಎಷ್ಟು ಜನ ನಿಮ್ಮ ಚಾಟ್‌ನಲ್ಲಿದ್ದಾರೋ. ವ್ಯಾಪಾರದ ಮಾತೂ ಒಂದಿದೆ: ಅರ್ಧ ಆದಾಯ ಒಬ್ಬನ ಕೈಯಲ್ಲಿದ್ದರೆ ನಿಮಗೆ ಕೇಳುಗರಿಲ್ಲ, ಯಜಮಾನನಿದ್ದಾನೆ.

ಪ್ರಶ್ನೆ: ನನ್ನ 14 ವರ್ಷದ ಮಗ ನನ್ನ ಫೋನಿನಿಂದ ಗೇಮ್ ಆಡುವವನೊಬ್ಬನ ಲೈವ್‌ಗೆ ಗಿಫ್ಟ್ ಕಳಿಸಿ ನಮ್ಮ ಉಳಿತಾಯದಲ್ಲಿ ಬಹುಪಾಲು ಖಾಲಿ ಮಾಡಿದ್ದಾನೆ. ವಾಪಸ್ ಬರುತ್ತದಾ? ಅವನಿಗೆ ಏನು ಶಿಕ್ಷೆ ಕೊಡಲಿ?
– ಒಬ್ಬ ತಾಯಿ

ಉತ್ತರ: ಶಿಕ್ಷೆ ನಾಳೆ, ರಸೀದಿ ಇವತ್ತು. ಸಿಟ್ಟಿನಲ್ಲಿ ಆ್ಯಪ್ ಅಳಿಸಬೇಡಿ, ಅಕೌಂಟ್ ಮುಚ್ಚಬೇಡಿ, ದಾಖಲೆ ಅದರಲ್ಲೇ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಕಾಯಿನ್ ಕೊಂಡದ್ದು ಎಂಬುದರ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಕಾಯಿನ್ ಕೊಂಡದ್ದು ಫೋನಿನ ಆ್ಯಪ್ ಸ್ಟೋರ್ ಮೂಲಕವಾದರೆ ಮೊದಲು ಅಲ್ಲೇ ರಿಫಂಡ್ ಕೇಳಿ, ಮಗು ಕೇಳದೆ ಮಾಡಿದ ಖರೀದಿ ಎಂದು ಸ್ಪಷ್ಟವಾಗಿ ಬರೆದು. ಜೊತೆಗೇ ಲೈವ್ ಕಂಪನಿಗೂ ದೂರು ಹಾಕಿ. ತಡ ಮಾಡಿದಷ್ಟೂ ಕಷ್ಟ. ವಾಪಸ್ ಬಂದೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ, ಆದರೆ ಕೇಳಲು ನಿಮಗೆ ನೆಲೆಯಿದೆ: ಟಿಕ್‌ಟಾಕ್‌ನಂಥ ಕಡೆ ಗಿಫ್ಟ್ ಕಳಿಸಲು 18 ತುಂಬಿರಬೇಕು ಎಂಬುದು ಅವರದೇ ನಿಯಮ. ಚೀನಾದ ಸುಪ್ರೀಂ ಕೋರ್ಟ್ 2020ರಲ್ಲಿ, ಮಕ್ಕಳು ಪೋಷಕರ ಒಪ್ಪಿಗೆಯಿಲ್ಲದೆ ವಯಸ್ಸಿಗೆ ಮೀರಿ ಕೊಟ್ಟ ಲೈವ್ ಗಿಫ್ಟಿನ ದುಡ್ಡನ್ನು ಪೋಷಕರು ಕೇಳಿದರೆ ಹಿಂದಿರುಗಿಸಬೇಕೆಂದೇ ಸೂಚಿಸಿತು.

ಹುಡುಗನನ್ನು ಕೂರಿಸಿಕೊಂಡು ‘ಎಷ್ಟು ಕಳಿಸಿದೆ’ ಎಂದು ಕೇಳಬೇಡಿ, ಅದು ಸ್ಟೇಟ್‌ಮೆಂಟ್‌ನಲ್ಲಿದೆ. ‘ಕಳಿಸಿದಾಗ ಅವನು ಏನಂದ?’ ಎಂದು ಕೇಳಿ, ಪೂರ್ತಿ ಹೇಳುವವರೆಗೆ ನಡುವೆ ಬಾಯಿ ಹಾಕಬೇಡಿ. ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಸೆಟ್ಟಿಂಗ್ ಇವತ್ತು ರಾತ್ರಿಯೇ ಹಾಕಿ, ಪಾಸ್‌ವರ್ಡ್ ಅವನ ಹುಟ್ಟಿದ ದಿನಾಂಕ ಆಗಿರದಿರಲಿ.